ಪ್ರಕಟಣೆಯ ಕೊನೆಯ ಸಾಲು

ನೀರು ಸರಬರಾಜು ಕಚೇರಿಯ ಪತ್ರಿಕಾ ಪ್ರಕಟಣೆಗಳ ಕೊನೆಯಲ್ಲಿ "ಹೆಚ್ಚಿನ ಮಾಹಿತಿಗೆ" ಎಂದು ಒಂದು ಮೊಬೈಲ್ ನಂಬರ್ ಇರುತ್ತದಲ್ಲ, ಹನ್ನೊಂದು ವರ್ಷದಿಂದ ಅದು ಅಲ್ಲಿನ ಸಂಪರ್ಕಾಧಿಕಾರಿಯದೇ. ಪೈಪ್ ಒಡೆದವರು ಯಾರೋ, ಬೈಸಿಕೊಳ್ಳುವವಳು ಈಕೆ. ಊಟಕ್ಕೆ ಕೂತರೂ ಫೋನು, ಬಚ್ಚಲಿಗೆ ಹೋದರೂ ಫೋನು. ಕಿವಿ ತೂತು ಬೀಳದೆ ಉಳಿದದ್ದೇ ಪುಣ್ಯ.

ಆಕೆಯ ಮೇಲಧಿಕಾರಿಗೆ ಕಚೇರಿಯವರೆಲ್ಲ ಸೇರಿ ಇಟ್ಟ ಹೆಸರು ಕತ್ತರಿ. ಆಕೆ ಬರೆದ ಹತ್ತು ಸಾಲು ಅವರ ಮೇಜು ದಾಟುವಷ್ಟರಲ್ಲಿ ನಾಲ್ಕಾಗಿರುತ್ತಿತ್ತು. ಒಮ್ಮೆಯಾದರೂ ಭೇಷ್ ಅಂದವರಲ್ಲ.

ಐದು ವಾರದ ಹಿಂದೆ ಆಕೆಯ ಅಮ್ಮನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಕಚೇರಿ ಎದುರಿನ ಆಸ್ಪತ್ರೆಯಲ್ಲೇ ವಾಸ. ದಿನಾ ನಾಲ್ಕಕ್ಕೆ ಅರ್ಧ ಗಂಟೆ ಮಾತಿನ ಅಭ್ಯಾಸ. ಮನೆಯವರು ಎದುರಿಗೆ ಕೂತು ಮಾತಾಡಿಸದಿದ್ದರೆ ಬರುವ ಮಾತೂ ಒಳಗೇ ಉಳಿದೀತು ಎಂದು ಅಲ್ಲಿನವರು ಎಚ್ಚರಿಸಿದ್ದರು. ಇರುವವಳು ಮಗಳೊಬ್ಬಳೇ. ಹೋಗಿ ಕೂರುವುದೇನೋ ಕೂರುತ್ತಿದ್ದಳು. ಫೋನ್ ಕೂರಲು ಬಿಡಬೇಕಲ್ಲ!

ಆ ದಿನ ದೊಡ್ಡ ಪೈಪೇ ಒಡೆದು ಅರ್ಧ ಊರಿಗೆ ನೀರಿಲ್ಲ. ಪ್ರಕಟಣೆ ಬರೆದು ಕತ್ತರಿಗೆ ಕಳಿಸಿ, ಇವತ್ತಂತೂ ನನ್ನ ಕಥೆ ಮುಗಿಯಿತು ಎಂದುಕೊಂಡೇ ಆಸ್ಪತ್ರೆಗೆ ಓಡಿದಳು. ಹತ್ತು ನಿಮಿಷವಾದರೂ ಫೋನ್ ಸದ್ದಿಲ್ಲ. ಅನುಮಾನ ಬಂದು, ಹೊರಬಿದ್ದ ಪ್ರಕಟಣೆಯನ್ನು ತೆರೆದು ನೋಡಿದರೆ ಕೊನೆಯಲ್ಲಿ ತನ್ನ ನಂಬರೇ ಇಲ್ಲ. ಗುರುತೇ ಇಲ್ಲದ ಬೇರೆ ಯಾವುದೋ ನಂಬರು. ದಿನಾ ಕೆಲಸದ ನಡುವೆ ಎದ್ದು ಬಂದರೆ ಇನ್ನೇನಾದೀತು, ಕೆಲಸಕ್ಕೇ ಕುತ್ತು ಬಂತು ಎಂದುಕೊಂಡಳು.

ಅಷ್ಟರಲ್ಲಿ ಅಮ್ಮನ ಎಡಗೈ ಬಂದು ಫೋನ್ ಮುಚ್ಚಿತು. ತುಟಿ ಅದುರಿತು.

"ಪು... ಪುಟ್ಟಿ."

ನಲವತ್ತೆರಡು ವರ್ಷದ ಪುಟ್ಟಿ ಅಲ್ಲೇ ಗಳಗಳ ಅತ್ತುಬಿಟ್ಟಳು.

ಕಣ್ಣೊರೆಸಿಕೊಂಡು ಕಚೇರಿಗೆ ಬಂದರೆ, ಕತ್ತರಿ ತಮ್ಮ ಸ್ವಂತ ಫೋನನ್ನು ಕಿವಿಗೊತ್ತಿಕೊಂಡು, ಬೈಯುತ್ತಿದ್ದ ಯಾರಿಗೋ ಆಕೆ ಬರೆದ ಸಾಲುಗಳನ್ನೇ ತಾಳ್ಮೆಯಿಂದ ಓದಿ ಹೇಳುತ್ತಿದ್ದರು. ಹೇಳಿ ಹೇಳಿ ಅವರ ದನಿಯೇ ಒಡೆದುಹೋಗಿತ್ತು. ಮನೆಯವರನ್ನು ಬಿಟ್ಟರೆ ಯಾರಿಗೂ ಕೊಡದ ನಂಬರಂತೆ ಅದು.

"ಅಮ್ಮ ಹುಷಾರಾಗೋವರೆಗೆ ನನ್ನ ನಂಬರೇ ಇರ್ಲಿ," ಎಂದರು ಫೋನ್ ಇಟ್ಟು. "ಹನ್ನೊಂದು ವರ್ಷ ಇದನ್ನ ಹೇಗೆ ತಡ್ಕೊಂಡ್ರಿ? ಹೋಗ್ಲಿ, ಅಮ್ಮ ಏನಾದ್ರೂ ಮಾತಾಡಿದ್ರಾ?"

ಆ ಮನುಷ್ಯನ ಕಾಲಿಗೆ ಬಿದ್ದುಬಿಡಬೇಕು ಅನ್ನಿಸಿತು ಆಕೆಗೆ.

"ಪುಟ್ಟಿ ಅಂದ್ರು ಸಾರ್."

ಫೋನ್ ಮತ್ತೆ ಬಡಿದುಕೊಂಡಿತು. ಅಭ್ಯಾಸಬಲ, ಆಕೆಯ ಕೈ ಮುಂದಾಯಿತು. ಕತ್ತರಿ ಅದನ್ನು ತಮ್ಮತ್ತ ಎಳೆದುಕೊಂಡರು.

"ಹೋಗಮ್ಮ ಪುಟ್ಟಿ, ಅಮ್ಮ ಕಾಯ್ತಿರ್ತಾರೆ."