ಆನೆಯ ಹಿಂಗಾಲು

ಕೈಯಲ್ಲಿ ಸೂಜಿ ಇರಲಿ, ಬಿಡಲಿ, ಇಂದ್ರಾಬಾಯಿಯವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಒತ್ತಿಕೊಂಡೇ ಇರುತ್ತಿದ್ದವು. ಆ ಮುದ್ರೆಯನ್ನು ಮುಂದೆ ಹಿಡಿದು, ಎದುರಿನ ಎತ್ತಿನ ಗಾಡಿಯೇ ಪಕ್ಕಕ್ಕೆ ಸರಿಯಬೇಕೆಂಬ ಗತ್ತಿನಲ್ಲಿ ಅವರು ಇಳಕಲ್ಲಿನ ಪೇಟೆಗೆ ಬರುವುದನ್ನು ಕಂಡರೆ, ಯಾರೋ ಪೀಠಾಧಿಪತಿ ಆಶೀರ್ವಾದಕ್ಕೆ ಹೊರಟಂತೆ ತೋರುತ್ತಿತ್ತು. ನನ್ನದು ರೇಷ್ಮೆ ದಾರದ ಅಂಗಡಿ. ಎಳೆಯನ್ನು ಬಿಸಿಲಿಗೆ ಹಿಡಿದು, "ಇದು ದಾರೇನ್ರಿ ಸಾವಕಾರ, ಎಮ್ಮಿ ಕಟ್ಟೂ ಹಗ್ಗೇನ್ರಿ?" ಎಂದು ನಾಲ್ಕು ಜನರೆದುರು ಕೇಳಿ, ಕೊನೆಗೆ ಅದನ್ನೇ ಕೊಂಡುಹೋಗುತ್ತಿದ್ದರು.

ಮದುವಣಗಿತ್ತಿ ಉಡುವ ಕರಿಯ ರೇಷ್ಮೆಯ ಚಂದ್ರಕಾಳಿ ಸೀರೆಗೆ ಕಸೂತಿ ಹಾಕುವುದರಲ್ಲಿ ಹುನಗುಂದದಿಂದ ಬಾದಾಮಿಯವರೆಗೆ ತಮಗೆ ಸಮಾನರಿಲ್ಲವೆಂದು ಅವರು ನಂಬಿದ್ದರು. ದುರ್ದೈವದಿಂದ ಅದು ನಿಜವೂ ಆಗಿತ್ತು. ಅರ್ಧ ಮುಗಿದ ಕೆಲಸ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಮಾಮಲೇದಾರರ ಹೆಂಡತಿ ಒಮ್ಮೆ ಇಣುಕಿದಾಗ, "ಹಸೀ ರೊಟ್ಟಿ ತಿಂತೀರೇನ್ರಿ?" ಎಂದು ಕೇಳಿ ಬಾಗಿಲು ಹಾಕಿಕೊಂಡಿದ್ದರು.

ಪ್ಲೇಗು ಬಂದ ವರ್ಷ ಊರಿಗೆ ಊರೇ ಹೊಲದ ಜೋಪಡಿಗಳಿಗೆ ಹೋಯಿತು. ಸಂಗಯ್ಯನವರ ಮಗಳು ಬನಶಂಕರಿಯ ಮದುವೆಯ ಸೀರೆಗೆ ಧೂಳು ತಾಗೀತೆಂದು ಇಂದ್ರಾಬಾಯಿ ಮಾತ್ರ ಮನೆ ಬಿಡಲಿಲ್ಲ. ಅಂಗಡಿಯ ಮಾಲು ಒಯ್ಯಲು ನಾನು ಊರೊಳಗೆ ಬಂದ ಬೆಳಿಗ್ಗೆ ಸಂಗಯ್ಯನವರು ಅವರ ಬಾಗಿಲಿನಿಂದ ದೂರದಲ್ಲೇ ನಿಂತು ಕೂಗುತ್ತಿದ್ದರು. ಹುಡುಗಿಯ ಬಗಲಲ್ಲಿ ಗಡ್ಡೆ ಎದ್ದಿತ್ತು.

"ಬಾಯಾರ, ಮೈಮ್ಯಾಲೆ ಒಮ್ಮಿ ಹೊಚ್ಚತೇವಿ, ಕೊಡ್ರಿ. ಅದರದ ಜಪಾ ಹಚ್ಯಾಳ ಹುಡುಗಿ."

"ಸೆರಗಿನ ಆನೀಗೆ ಹಿಂಗಾಲಿಲ್ರಿ, ಅಯ್ಯಾರ. ಹೋದ ದಾರ ತಿರುಗಿ ಬಂದಿಲ್ಲ. ಹೆಂಗ ಕೊಡ್ಲಿ?"

"ಆಕಿ ಕಾಲು ಎಣಸ್ತಾಳೇನ್ರಿ?"

"ನಾ ಎಣಸ್ತೇನಿ."

ಗವಂತಿ ಹೊಲಿಗೆಯ ದಾರ ಎಳೆ ಬಿಟ್ಟು ಎಳೆ ಹಿಡಿಯುತ್ತ ಮುಂದೆ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಮರಳಬೇಕು; ಮರಳದಿದ್ದರೆ ಆನೆಯೂ ಬರಿಯ ಚುಕ್ಕೆಗಳ ಸಾಲು. ಅನ್ನ ನೀರು ಬಿಟ್ಟು ಕೂತು, ಮರುದಿನ ಮಧ್ಯಾಹ್ನ ಸೀರೆ ಮುಗಿಸಿ, ಇಂದ್ರಾಬಾಯಿ ಜೋಪಡಿಗಳತ್ತ ಓಡಿಬಂದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂಗಯ್ಯನವರು ಕೈಗೆ ಹತ್ತಿದ ಮಣ್ಣು ತೊಳೆದುಕೊಳ್ಳುತ್ತಿದ್ದರು. ಮಗಳನ್ನು ಹಳೆಯ ಸೀರೆಯಲ್ಲೇ ಹೂಳಿ ಆಗಷ್ಟೇ ಬಂದಿದ್ದರು. ಏನು ಮಾಡಬೇಕೆಂದು ತಿಳಿಯದೆ ಇಂದ್ರಾಬಾಯಿ ಸೆರಗನ್ನು ಬಿಚ್ಚಿ ಹಿಡಿದರು. ಸಂಗಯ್ಯನವರು ಅದನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ.

"ಭಾಳ ಛಲೋ ಆಗೇತ್ರಿ, ಬಾಯಾರ" ಎಂದರು.

ಆಮೇಲೆಯೂ ಇಂದ್ರಾಬಾಯಿ ಸೂಜಿ ಹಿಡಿದರು, ಹೊಟ್ಟೆ ಕೇಳಬೇಕಲ್ಲ; ಆದರೆ ಯಾರಾದರೂ ಹೊಗಳಲು ಬಾಯಿ ತೆರೆದರೆ ಎದ್ದು ಒಳಗೆ ಹೋಗುತ್ತಿದ್ದರು.

ಕುಂದಿಲ್ಲದ ಕೆಲಸ ಮಾಡುವವರ ಗತ್ತನ್ನು ನಾವೇ ಮುದ್ದಿನಿಂದ ಸಾಕುತ್ತೇವೆ. ಅವರಿಗಾಗಿ ಬೀಗರು ಕಾಯುತ್ತಾರೆ, ಮುಹೂರ್ತವೂ ಕಾಯುತ್ತದೆ. ಹೀಗೆ ಎಲ್ಲರೂ ಕಾದು ಕಾದು, ಸಾವು ಕೂಡ ಹೊರಗಿನ ಕಟ್ಟೆಯ ಮೇಲೆ ಕೂತು ತನ್ನ ಸರದಿಗೆ ಕಾಯುತ್ತದೆಂದು ಅವರನ್ನು ನಂಬಿಸಿಬಿಟ್ಟಿರುತ್ತೇವೆ.