ಕೊಬ್ಬರಿ ಅಟ್ಟದ ಮಡಕೆಗಳು

ಹೊಂಬಾಳಮ್ಮ ಅಟ್ಟದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಕಾಯಿ ಎತ್ತಿ ಕಿವಿಯ ಬಳಿ ಕುಲುಕುತ್ತಿದ್ದಳು. ಒಳಗೆ ಗಡಗಡ ಎಂದರೆ ಕೊಬ್ಬರಿಯಾಗಿದೆ ಎಂದು ಈಚೆಗೆ, ನೀರಿನ ಸದ್ದು ಬಂದರೆ ಮತ್ತೆ ಆಚೆಗೆ. ಕೈ ಚಾಚಿದಲ್ಲೆಲ್ಲ ಗಂಡ ನಂಜುಂಡಪ್ಪನ ಮಡಕೆಗಳು ಅಡ್ಡ ಬರುತ್ತಿದ್ದವು. ಅರ್ಧ ಅಟ್ಟ ಅವಕ್ಕೇ ಹೋಗಿತ್ತು.

ತೆಂಗಿನ ಸಸಿಗೆ ಗುಂಡಿ ತೋಡುವಾಗ ಸಿಕ್ಕ ಮಡಕೆಗಳು ಅವು. ಬಾಯಿ ಕಪ್ಪು, ಒಡಲು ಕೆಂಪು. ಯಾವ ಕಾಲದ ಜನ ತಮ್ಮ ಸತ್ತವರ ಮೂಳೆ ತುಂಬಿ ಹೂತದ್ದೋ. ಆಳುಗಳು ಹೆದರಿ ಬೇಲಿಗೆ ಎಸೆಯಹೊರಟಾಗ ನಂಜುಂಡಪ್ಪ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ. ಆಮೇಲೆ ಬಿಳಿಗೆರೆಯ ಸುತ್ತ ಯಾರ ತೋಟದಲ್ಲಿ ಗುದ್ದಲಿ ಬಿದ್ದರೂ ಓಡುತ್ತಿದ್ದ. ಮ್ಯೂಸಿಯಂನವರೊಬ್ಬರು ಬಂದು ನೋಡಿ, ಕೊಡುವುದಾದರೆ ಒಂದು ಕಾಗದ ಹಾಕಿ, ಜೀಪು ತರುತ್ತೇವೆ ಎಂದು ಹೇಳಿಹೋಗಿದ್ದರು. ಕಾಗದ ಬರೆದದ್ದೂ ಆಗಿತ್ತು. ಆದರೆ ಮೂರು ಕಾಲಿನ ಮಡಕೆಯೊಂದಕ್ಕೆ ಒಂದು ಕಾಲಿರಲಿಲ್ಲ. ಅದು ಸಿಗಲಿ, ಆಮೇಲೆ ಹಾಕೋಣ ಎನ್ನುತ್ತ ವರ್ಷಗಳೇ ಕಳೆದಿದ್ದವು. ಹೊಂಬಾಳಮ್ಮ ಹೇಳಿ ಹೇಳಿ ಸೋತು ಸುಮ್ಮನಾಗಿದ್ದಳು.

ಈಗ ಸುಮ್ಮನಿರುವ ಹಾಗಿರಲಿಲ್ಲ. ಮಗಳು ಪುಟ್ಟಗಂಗಮ್ಮ ಚೊಚ್ಚಲ ಬಸುರಿ. ಬಾಣಂತಿ ಕೋಣೆ ಇದೇ ಅಟ್ಟದ ಕೆಳಗೆ. ಸತ್ತವರ ಮಡಕೆ ನೆತ್ತಿಯ ಮೇಲಿರುವ ಕೋಣೆಗೆ ಸೊಸೆಯನ್ನು ಕಳಿಸುವುದಿಲ್ಲವೆಂದು ಕೆಂಕೆರೆಯ ಬೀಗಿತ್ತಿ ಚಿಕ್ಕಗೌರಮ್ಮ ಹೇಳಿಕಳಿಸಿದ್ದಳು. ಕೊಟ್ಟಿಗೆಗೆ ಸಾಗಿಸೋಣವೆಂದರೆ ದನ ತುಳಿಯುತ್ತವೆ ಎಂದು ನಂಜುಂಡಪ್ಪನ ಸಬೂಬು.

ಹೊಂಬಾಳಮ್ಮನ ಮಂಡಿ ಹಿಡಿದುಕೊಂಡಿತ್ತು. ಏಣಿಯ ಮೆಟ್ಟಿಲು ಮೆಟ್ಟಿಲಿಗೂ ನಿಂತು ಅವಳು ಇಳಿದು ಬಂದಳು. ಅವನು ಜಗಲಿಯಲ್ಲಿ ಚೂರುಗಳನ್ನು ಹರಡಿಕೊಂಡು ಒಂದಕ್ಕೊಂದು ಕೂಡಿಸಿ ನೋಡುತ್ತಿದ್ದ.

“ಕಾಲು ಸಿಗ್ಲಿಲ್ಲ ಅಂತ ಬರೀರಿ, ಸಾಕು. ಮಡಕೆಗೆ ಕಾಲು ಹುಡುಕ್ತಾ ಕೂತ್ರೆ ಮಗಳು ಯಾರ ಮನೇಲಿ ಹೆರ್ಬೇಕು?”

ಅವನು ತಲೆ ಎತ್ತಲಿಲ್ಲ. “ಅವ್ರು ಹೊತ್ಕೊಂಡು ಹೋದ್ರೆ ಅಟ್ಟ ಬಣಬಣ ಅಂತದೆ ಕಣೇ.”

ಅಂದರೆ ಇಷ್ಟು ದಿನದ ಕಾಲಿನ ಮಾತೆಲ್ಲ ನೆಪ. ಸಿಟ್ಟು ಮಾಡುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

“ಅನ್ಲಿ ಬುಡಿ. ಕಾಯಿ ತುಂಬ್ತೀನಿ.”

ಅವನು ಚೂರುಗಳನ್ನು ಒಂದೊಂದಾಗಿ ಎತ್ತಿ ಟವೆಲ್ಲಿನಲ್ಲಿ ಗಂಟು ಕಟ್ಟಿದ. ಕೊನೆಗೆ ಎದ್ದು ಹೆಂಚಿನ ಸಂದಿಯಿಂದ ಕಾಗದ ತೆಗೆದು, ಮಗಳ ಹೆರಿಗೆಗೆ ಮುಂಚೆ ಬಂದರೆ ಉಪಕಾರವಾಗುತ್ತದೆ ಎಂದು ಕೆಳಗೊಂದು ಸಾಲು ಸೇರಿಸಿದ. ಕವರಿನ ಅಂಟು ಒಣಗಿಹೋಗಿತ್ತು. ಹೊಂಬಾಳಮ್ಮ ಒಳಗಿಂದ ನಾಲ್ಕು ಅಗುಳು ಅನ್ನ ತಂದು ತಿಕ್ಕಿ ಅಂಟಿಸಿದಳು.

ಅಂಚೆಯ ಗಂಗಾಧರಯ್ಯ ಬೀದಿಯ ಆ ತುದಿಯಲ್ಲಿ ಸೈಕಲ್ ಹತ್ತುತ್ತಿದ್ದ. ಇನ್ನೊಂದು ಸಲ ಓದಿ ಕೊಡುತ್ತೇನೆ ಎಂದು ನಂಜುಂಡಪ್ಪ ಕೈ ಚಾಚುವಷ್ಟರಲ್ಲಿ ಅವಳು ಅಂಗಳ ದಾಟಿದ್ದಳು. ಗಂಗಾಧರಯ್ಯ ಒಂದು ಕಾಲೂರಿ ನಿಂತು, ಕಾಗದ ಇಸಿದುಕೊಂಡು ಚೀಲಕ್ಕೆ ಹಾಕಿ, ತಿಪಟೂರಿನ ಕಡೆ ಹೊರಟ.