ತೂತಿಲ್ಲದ ಎಲೆ

"ಉಪ್ಪು ಸುರುದ್ರೆ ಹುಳದ ಜೊತೆ ಬಳ್ಳೀನೂ ಸಾಯ್ತದೆ. ಆಮೇಲೆ ನನ್ನ ಬೈಬೇಡಿ!" ಮಂಗಮ್ಮ ಗಂಡನ ಮುಷ್ಟಿ ಹಿಡಿದುಕೊಂಡಳು.

ಬೋರಣ್ಣ ಕೈ ಕೊಡವಿಕೊಂಡ. ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಇಟ್ಟಮಡುವಿನ ಆ ಮುಂಜಾನೆ ಮಂಜೋ ಮಳೆಯೋ ತಿಳಿಯದಂತೆ ತೇಲುತ್ತಿತ್ತು. ಬಸವನಹುಳುಗಳು ಹರಿದಾಡಿ ಹೋದ ಜಾಡು ಹಿತ್ತಲ ಗೋಡೆಯ ತುಂಬ ಬೆಳ್ಳಿಯ ಎಳೆಯಂತೆ ಮಿನುಗುತ್ತಿತ್ತು. ಹುಳ ಹತ್ತದಿರಲೆಂದು ಬಳ್ಳಿಯ ಬುಡದ ಸುತ್ತ ಹಾಕಿದ್ದ ಒಲೆಯ ಬೂದಿ ಮಳೆಗೆ ಕೊಚ್ಚಿಹೋಗಿತ್ತು. ನುಗ್ಗೆಮರಕ್ಕೆ ಹಬ್ಬಿಸಿದ ವೀಳ್ಯದೆಲೆ ಬಳ್ಳಿಯಲ್ಲಿ ಕೈಗೆಟುಕುವ ಒಂದು ಎಲೆಯೂ ಇಡಿಯಾಗಿ ಉಳಿದಿರಲಿಲ್ಲ.

ಅಪ್ಪನ ಎಲೆತೋಟ ಸೈಟುಗಳಾಗಿ ಹೋದಾಗ ಬೋರಣ್ಣ ಉಳಿಸಿಕೊಂಡದ್ದು ಇದೊಂದೇ ಬಳ್ಳಿ. ಇವತ್ತು ಮಗಳು ರಮ್ಯಳ ನಿಶ್ಚಿತಾರ್ಥ. ತಾಂಬೂಲಕ್ಕೆ ನಮ್ಮ ಬಳ್ಳಿಯ ಎಲೆಯೇ ಎಂದು ಬೀಗರೆದುರು ಜಂಬ ಕೊಚ್ಚಿಕೊಂಡಿದ್ದ. ತೂತು ಬಿದ್ದ ಎಲೆಯನ್ನು ಶುಭಕ್ಕೆ ಇಡುವಂತಿಲ್ಲ.

"ಮಾರ್ಕೆಟ್ಟಿಂದ ಒಂದು ಕಟ್ಟು ತನ್ನಿ. ಎಲೆ ಮೇಲೇನು ಹೆಸ್ರು ಬರ್ದಿರ್ತದಾ?"

"ಸುಮ್ನಿರೆ! ಎಲೆತೋಟದ ಮನೆಯೋನು ಎಲೆ ಕೊಂಡು ತಂದ ಅನ್ನಿಸ್ಕೊಳ್ಳಾ?"

ಮಹಡಿಯಲ್ಲಿ ಬಾಡಿಗೆಗಿದ್ದ ಕೊಪ್ಪಳ ಕಡೆಯ ಹುಲಿಗೆವ್ವ ಮೇಲಿಂದ ಬಗ್ಗಿದಳು. "ಮಾಲಕ್ರ, ಸ್ವಲ್ಪ ಮ್ಯಾಲ ಬರ್ರಿ."

"ನಲ್ಲಿ ಸೋರೋದಾದ್ರೆ ನಾಳೆ ಹೇಳವ್ವ!"

"ನಲ್ಲಿ ಅಲ್ಲರೀ. ಎಲಿ."

ಬುಸುಗುಡುತ್ತ ಮೆಟ್ಟಿಲು ಹತ್ತಿದ ಬೋರಣ್ಣ ಬಾಗಿಲಲ್ಲೇ ನಿಂತುಬಿಟ್ಟ. ನುಗ್ಗೆಯ ಕೊಂಬೆಯಿಂದ ಕಿಟಕಿಯ ಸರಳೊಳಗೆ ತೂರಿದ ಬಳ್ಳಿ ಗೋಡೆಯೇರಿ, ಬಟ್ಟೆ ಹಾಕುವ ಹಗ್ಗ ಹಿಡಿದು, ಕೋಣೆಯ ಆ ತುದಿಯವರೆಗೆ ಹೋಗಿತ್ತು. ಅಂಗೈಯಗಲದ ಎಲೆಗಳು. ಒಂದಕ್ಕೂ ತೂತಿಲ್ಲ. ಒಳಗಿನ ಬೆಳಕೇ ಹಸಿರಾಗಿತ್ತು. ಇರಚಲು ಹೊಡೆಯದ ಮೂಲೆಯಲ್ಲಿ ಹಾಸಿಗೆ ಸುತ್ತಿಟ್ಟಿತ್ತು.

"ಮಳೇಲಿ ಕಿಟಕಿ ಮುಚ್ಕೋಬಾರ್ದಾ?"

"ಮುಚ್ಚಿದ್ರ ಬಳ್ಳಿ ತುಂಡಾಗ್ತಿತ್ತಲ್ಲರೀ."

"ಇಲ್ಲಿಗೆ ಹುಳ ಬರ್ಲಿಲ್ವಾ?"

"ಬರ್ತಿದ್ವು. ದಿನಾ ಸಂಜಿಕ ಆರಿಸಿ ಒಗೀತಿದ್ನಿರಿ."

"ಎಲ್ಲಿಗೆ?"

ಹುಲಿಗೆವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. "ಕೆಳಗರೀ... ನಿಮ್ಮ ಹಿತ್ತಲಕ."

ಬೋರಣ್ಣನ ಮೂಗಿನ ಹೊಳ್ಳೆ ಅರಳಿತು, ಬಾಯಿ ತೆರೆಯಿತು. ಕಣ್ಣು ಮತ್ತೆ ಆ ಎಲೆಗಳತ್ತ ಹೋಯಿತು. ನಲ್ಲಿ, ಫ್ಯೂಸು ನೋಡಲು ಬಂದಾಗಲೆಲ್ಲ ಮೆಟ್ಟಿದ ಕಾಲಲ್ಲೇ ಒಳನುಗ್ಗುತ್ತಿದ್ದವನು, ಅಪ್ಪ ಎಲೆತೋಟದ ಅಂಚಿನಲ್ಲಿ ಮಾಡುತ್ತಿದ್ದಂತೆ ಚಪ್ಪಲಿ ಕಳಚಿ, ಒಂದರ ಪಕ್ಕ ಒಂದಿಟ್ಟು ಹೊಸ್ತಿಲು ದಾಟಿದ.

ಮೊದಲ ಎಲೆಯ ತೊಟ್ಟಿಗೆ ಉಗುರು ತಾಗಿಸಿದ. ಹಗ್ಗ ಮೆಲ್ಲಗೆ ತೂಗಿತು. ಅದರೊಂದಿಗೆ ಕೋಣೆಯ ಎಲೆಗಳೆಲ್ಲ ತೂಗಿದವು.